ಕೈ ಜಾಸ್ತಿ, ಹುಟ್ಟುವಳಿ ಕಮ್ಮಿ ಅನ್ನೋರಿಗೆ

ಈ ದೇಶದಲ್ಲಿ ದುಡಿಯುವ ಕೈಗಳು ಜಾಸ್ತಿ, ಅವು ಹುಟ್ಟಿಸುವ ಸಂಪತ್ತು ಮಾತ್ರ ಕಮ್ಮಿ. ಈ ಮಾತನ್ನು ನಾವು ಪಠ್ಯಪುಸ್ತಕದಲ್ಲಿ ಓದುತ್ತೇವೆ, ಸಭೆಗಳಲ್ಲಿ ಕೇಳುತ್ತೇವೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆಯುತ್ತೇವೆ. ಆದರೆ ಆ ಕೈಗಳು ಯಾರವು, ಆ ಹುಟ್ಟುವಳಿಯನ್ನು ಅಳೆಯುವ ಕೊಳಗ ಯಾರದು ಎಂದು ಯಾರೂ ಕೇಳುವುದಿಲ್ಲ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕ ನಾರಾಯಣಮೂರ್ತಿಯವರು ಭಾರತದ ಉತ್ಪಾದಕತೆ ಜಗತ್ತಿನಲ್ಲೇ ತೀರ ಕೆಳಗಿದೆ, ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೊ ಅಧ್ಯಕ್ಷರ 90 ಗಂಟೆಯ ಮಾತು ಹೊರಬಿತ್ತು. ಇನ್ನು ಸ್ವಲ್ಪ ದಿನಕ್ಕೆ ನಿದ್ದೆಯನ್ನೂ ದೇಶದ್ರೋಹ ಅನ್ನಬಹುದು.

ನಾವು ಲೆಕ್ಕಕ್ಕೆ ಹೆದರುವವರಲ್ಲ. ಬನ್ನಿ, ಲೆಕ್ಕವನ್ನೇ ನೋಡೋಣ.

ಸರ್ಕಾರದ 2023-24ರ ದುಡಿಮೆಗಾರರ ಸಮೀಕ್ಷೆಯ ಪ್ರಕಾರ ದೇಶದ ದುಡಿಯುವವರಲ್ಲಿ ಶೇ. 46 ಜನ ಬೇಸಾಯದಲ್ಲಿದ್ದಾರೆ. ದೇಶದ ಒಟ್ಟು ಹುಟ್ಟುವಳಿಯಲ್ಲಿ ಬೇಸಾಯದ ಪಾಲು ಸುಮಾರು ಶೇ. 18. ನೂರು ಜನ ದುಡಿಯೋರು, ನೂರು ರೂಪಾಯಿ ಹುಟ್ಟುವಳಿ ಅಂತ ಇಟ್ಟುಕೊಳ್ಳಿ. ಹೊಲದಲ್ಲಿರುವ 46 ಜನರ ಪಾಲಿಗೆ 18 ರೂಪಾಯಿ. ತಲೆಗೆ 40 ಪೈಸೆಯೂ ಬರುವುದಿಲ್ಲ. ಉಳಿದ 54 ಜನರ ಪಾಲಿಗೆ 82 ರೂಪಾಯಿ. ತಲೆಗೆ ಒಂದೂವರೆ ರೂಪಾಯಿ. ಹೆಚ್ಚೂಕಮ್ಮಿ ನಾಲ್ಕು ಪಟ್ಟು ಅಂತರ. 1951ರಲ್ಲಿ ದುಡಿಯುವವರಲ್ಲಿ ಸುಮಾರು ಶೇ. 70 ಜನ ಬೇಸಾಯದಲ್ಲಿದ್ದರು, ಹುಟ್ಟುವಳಿಯ ಅರ್ಧಕ್ಕಿಂತ ಹೆಚ್ಚು ಅಲ್ಲಿಂದಲೇ ಬರುತ್ತಿತ್ತು. ಆಗ ಅಂತರ ಎರಡು ಪಟ್ಟಿನ ಆಸುಪಾಸಿನಲ್ಲಿತ್ತು. ಎಪ್ಪತ್ತು ವರ್ಷಗಳ ಪ್ರಗತಿಯ ಫಲ ಇದು: ಅಂತರ ಬೆಳೆಯಿತು.

ಆ 40 ಪೈಸೆಯಾದರೂ ಕೂಲಿಯವನ ಕೈಗೆ ಬರುತ್ತದೆಯೇ? ಇಲ್ಲ. ಜಮೀನಿನ ಒಡೆಯನ ಪಾಲೂ ಅದರಲ್ಲೇ ಸೇರಿದೆ. ಆ ಒಂದೂವರೆ ರೂಪಾಯಿ ಗಾರೆ ಕೆಲಸದವನಿಗೂ ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನಿಗೂ ಬರುವುದಿಲ್ಲ. ಮಾಲೀಕನ ಲಾಭವನ್ನೂ ಆಳಿನ ಕೂಲಿಯನ್ನೂ ಒಂದೇ ಗಡಿಗೆಗೆ ಸುರಿದು ತಲೆಗಿಷ್ಟು ಅಂತ ಹಂಚಿ ತೋರಿಸುವುದೇ ಸರಾಸರಿ. ಹಂಚಿಕೆ ಕಾಗದದ ಮೇಲೆ. ಉಣ್ಣುವುದು ಬೇರೆ ಕಡೆ.

ಈಗ ಕೊಳಗದ ವಿಚಾರಕ್ಕೆ ಬರೋಣ. ಹುಟ್ಟುವಳಿ ಎಂದರೆ ಎಷ್ಟು ಮೂಟೆ, ಎಷ್ಟು ಬೆವರು ಎಂಬ ಲೆಕ್ಕವಲ್ಲ. ಎಷ್ಟು ರೂಪಾಯಿ ಎಂಬ ಲೆಕ್ಕ. ಒಕ್ಕಣೆಯಾಗಿ ರಾಶಿ ಬಿದ್ದ ರಾಗಿಗೆ ಬೆಲೆ ಕುಸಿದರೆ ಬೆಳೆದವನ ರಟ್ಟೆಯ ಬಲವೇನೂ ಕುಸಿದಿರುವುದಿಲ್ಲ, ಆದರೂ ಅವನು ಕೈಗೆ ಕಂಡ ಹಣದ ಲೆಕ್ಕದಲ್ಲಿ ಕಡಿಮೆ ಹುಟ್ಟಿಸಿದವನು. ಬೆಲೆ ಕಟ್ಟುವವನೇ ದುಡಿಮೆಯ ಯೋಗ್ಯತೆಯನ್ನೂ ಕಟ್ಟುತ್ತಾನೆ.

ಇದಕ್ಕಿಂತ ದೊಡ್ಡ ತಮಾಷೆ ಸರ್ಕಾರದ ಸೇವೆಯದ್ದು. ಮಾರಾಟಕ್ಕಿಲ್ಲದ ಸೇವೆಗೆ ಮಾರುಕಟ್ಟೆ ಬೆಲೆ ಇಲ್ಲ. ಆದ್ದರಿಂದ ಅದಕ್ಕೆ ತಗಲುವ ಖರ್ಚು, ಮುಖ್ಯವಾಗಿ ಕೊಡುವ ಸಂಬಳವೇ ಅದರ ಮೌಲ್ಯ ಎಂದು ರಾಷ್ಟ್ರೀಯ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ. ಹಳ್ಳಿಯ ಮೇಷ್ಟ್ರುಗಳೇ, ಇದನ್ನು ಗಮನಿಸಿ. ಒಂದೇ ಶಾಲೆ, ಒಂದೇ ಪಾಠ, ಒಂದೇ ಸೀಮೆಸುಣ್ಣ. ಕಾಯಂ ಮೇಷ್ಟ್ರು ದೇಶಕ್ಕೆ ಹೆಚ್ಚು ಹುಟ್ಟಿಸುತ್ತಾರೆ, ಅತಿಥಿ ಶಿಕ್ಷಕ ಕಡಿಮೆ ಹುಟ್ಟಿಸುತ್ತಾನೆ. ಯಾಕೆ? ಅವನಿಗೆ ಕಡಿಮೆ ಕೊಡುತ್ತಾರೆ, ಅದಕ್ಕೆ! ಬೀದಿ ಗುಡಿಸುವ ಪೌರಕಾರ್ಮಿಕರದ್ದೂ ಇದೇ ಕತೆ. ಗುತ್ತಿಗೆಯಲ್ಲಿದ್ದವಳನ್ನು ಕಾಯಂ ಮಾಡಿದ ದಿನ, ಪೊರಕೆ ಅದೇ, ಬೀದಿ ಅದೇ, ಅವಳ ಮೌಲ್ಯ ಮಾತ್ರ ಏರುತ್ತದೆ. ಮೊದಲು ಕಡಿಮೆ ಕೊಡುವುದು, ಆಮೇಲೆ ಕಡಿಮೆ ಹುಟ್ಟಿಸುತ್ತೀಯ ಎನ್ನುವುದು, ಅದಕ್ಕೇ ಕಡಿಮೆ ಕೊಡುತ್ತೇವೆ ಎನ್ನುವುದು. ಆಶಾ, ಅಂಗನವಾಡಿ ತಾಯಂದಿರಿಗಂತೂ ಕೂಲಿ ಎಂಬ ಹೆಸರೂ ಇಲ್ಲ, ಗೌರವಧನವಂತೆ. ಗೌರವವೂ ಇಲ್ಲ, ಧನವೂ ಇಲ್ಲ.

ಇನ್ನು ಮನೆಯೊಳಗಿನ ದುಡಿಮೆ. 2024ರ ಸರ್ಕಾರಿ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಟ್ಟರೆ, ಮಾಡುವ ಗಂಡಸರು ಕೊಟ್ಟದ್ದು 88 ನಿಮಿಷ. ಆ ಐದು ಗಂಟೆಗೆ ದೇಶದ ಹುಟ್ಟುವಳಿಯಲ್ಲಿ ಕಟ್ಟಿದ ಬೆಲೆ ಸೊನ್ನೆ. ಅವಳು ಬೇಯಿಸಿದ ಮುದ್ದೆ ಉಂಡು ಹೋದವನ ದುಡಿಮೆ ಲೆಕ್ಕಕ್ಕಿದೆ, ಬೇಯಿಸಿದವಳದ್ದು ಲೆಕ್ಕಕ್ಕಿಲ್ಲ.

ಹಾಗಾದರೆ ಹೊಲದಲ್ಲಿ ಜನ ಕಿಕ್ಕಿರಿದಿರುವುದು ಸುಳ್ಳೇ? ಸುಳ್ಳಲ್ಲ. ನಾಲ್ಕು ಜನರ ಕೆಲಸಕ್ಕೆ ಏಳು ಜನ ನಿಂತಿರುವುದನ್ನು ನಾವು ದಿನಾ ನೋಡುತ್ತೇವೆ. ಅರ್ಥಶಾಸ್ತ್ರದವರು ಇದನ್ನು ಪ್ರಚ್ಛನ್ನ ನಿರುದ್ಯೋಗ ಎನ್ನುತ್ತಾರೆ. ಮೂವರನ್ನು ತೆಗೆದರೂ ಹುಟ್ಟುವಳಿ ಕಡಿಮೆಯಾಗದು ಎನ್ನುತ್ತಾರೆ. ಆದರೆ ಆ ಮೂವರು ಎಲ್ಲಿಗೆ ಹೋಗಬೇಕು? ಹೋದವರ ಗತಿ ಏನಾಯಿತು ಎಂಬುದನ್ನು 2020 ತೋರಿಸಿತು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಹೊರರಾಜ್ಯದ ಕಾರ್ಮಿಕರು ಊರಿಗೆ ಹೊರಟಾಗ, ರಾಜ್ಯ ಸರ್ಕಾರ ಕಟ್ಟಡ ಉದ್ಯಮಿಗಳ ಜೊತೆ ಸಭೆ ನಡೆಸಿ ಶ್ರಮಿಕ ರೈಲುಗಳನ್ನು ರದ್ದು ಮಾಡಿಸಿತು. ಎಲ್ಲೆಡೆ ಛೀಮಾರಿ ಎದ್ದ ಮೇಲೆ ಮತ್ತೆ ಬಿಟ್ಟಿತು. ಊರಿನಲ್ಲಿ ಬೇಡವಾದ ಹೆಚ್ಚುವರಿ ಜನ, ಪಟ್ಟಣ ಬಿಟ್ಟು ಹೊರಟರೆ ಕಟ್ಟಿಹಾಕಬೇಕಾದಷ್ಟು ಬೇಕಾದ ಜನ! ಹೆಚ್ಚುವರಿಯಾದವರು ನಾವಲ್ಲ, ಬೇಕಾದಾಗ ಬಳಸಿ ಬೇಡವಾದಾಗ ಬಿಸಾಡುವ ಹಕ್ಕು ಅವರ ಹತ್ತಿರ ಹೆಚ್ಚುವರಿಯಾಗಿದೆ. ಆ ವರ್ಷ ಬೇಸಾಯದಲ್ಲಿರುವವರ ಪಾಲು ಇಳಿಯುವ ಬದಲು ಏರಿತು. ಪಟ್ಟಣ ಒದ್ದೋಡಿಸಿದವರನ್ನು ಹೊಲ ಕರೆದುಕೊಂಡಿತು.

ಆದರೆ ಹೊಲ ಯಾರದ್ದು? 2011ರ ಜನಗಣತಿಯಲ್ಲಿ ಬೇಸಾಯಗಾರರು ಸುಮಾರು 11.9 ಕೋಟಿ, ಕೃಷಿಕೂಲಿಗಳು 14.4 ಕೋಟಿ. ಹೊಲ ಉಳ್ಳವರಿಗಿಂತ ಹೊಲದಲ್ಲಿ ಕೂಲಿ ಮಾಡುವವರೇ ಹೆಚ್ಚು. ಜನಸಂಖ್ಯೆಯಲ್ಲಿ ಶೇ. 16ಕ್ಕೂ ಹೆಚ್ಚಿರುವ ಪರಿಶಿಷ್ಟ ಜಾತಿಯವರ ಕೈಯಲ್ಲಿರುವ ಸಾಗುವಳಿ ಭೂಮಿ 2015-16ರ ಕೃಷಿ ಗಣತಿಯಲ್ಲಿ ಶೇ. 9ನ್ನೂ ಮುಟ್ಟಲಿಲ್ಲ. ಕರ್ನಾಟಕದಲ್ಲಿ 1974ರ ಭೂಸುಧಾರಣೆ ಉಳುವವನಿಗೆ ಭೂಮಿ ಎಂದಿತು, ಗೇಣಿದಾರನಿಗೆ ಸಿಕ್ಕಿತು. ಗೇಣಿ ಚೀಟಿಯೂ ಇಲ್ಲದೆ ಜೀತಕ್ಕಿದ್ದವನಿಗೆ ಏನು ಸಿಕ್ಕಿತು? 2020ರಲ್ಲಿ ಅದೇ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ ದುಡ್ಡಿದ್ದ ಯಾರು ಬೇಕಾದರೂ ಕೃಷಿಭೂಮಿ ಕೊಳ್ಳಬಹುದು ಎಂದರು. ಕೇರಿಯವರಿಗೆ ತೆರೆಯದ ಬಾಗಿಲು ರಿಯಲ್ ಎಸ್ಟೇಟಿಗೆ ತೆರೆಯಿತು.

ಬಾಬಾಸಾಹೇಬರು 1918ರಲ್ಲೇ ಸಣ್ಣ ಹಿಡುವಳಿಗಳ ಬಗ್ಗೆ ಬರೆಯುತ್ತಾ ರೋಗದ ಮೂಲ ಹಿಡಿದಿದ್ದರು. ತುಂಡು ಹೊಲಗಳನ್ನು ಕೂಡಿಸಿದರೆ ಸಾಲದು, ಕೆಲಸವಿಲ್ಲದೆ ಹೊಲಕ್ಕೆ ಜೋತುಬಿದ್ದವರಿಗೆ ಕೈಗಾರಿಕೆಯಲ್ಲಿ ಕೆಲಸ ಬೇಕು ಎಂದು ವಾದಿಸಿದರು. 1936ರಲ್ಲಿ ಇನ್ನೂ ಮುಂದೆ ಹೋದರು: ಹುಟ್ಟಿನಿಂದ ಕಸುಬು ಗೊತ್ತುಮಾಡುವ ಜಾತಿ, ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗಲು ಬಿಡದೆ ನಿರುದ್ಯೋಗವನ್ನು ತಾನೇ ಹುಟ್ಟಿಸುತ್ತದೆ ಎಂದರು. ಇವತ್ತು ದುಡಿಯುವವರಲ್ಲಿ ಶೇ. 1ರಷ್ಟೂ ಇಲ್ಲದ ಸಾಫ್ಟ್‌ವೇರ್ ಕ್ಷೇತ್ರ ಹುಟ್ಟುವಳಿಯಲ್ಲಿ ಸುಮಾರು ಶೇ. 7 ತರುತ್ತದೆ. ಅಲ್ಲಿಗೆ ಹೋಗಲು ಇಂಗ್ಲಿಷು ಬೇಕು, ಕಾಲೇಜು ಬೇಕು, ಪರಿಚಯ ಬೇಕು. ಕೇರಿಯಿಂದ ಅಲ್ಲಿಗೆ ಹೋಗುವ ದಾರಿ ಎಷ್ಟು ಇಕ್ಕಟ್ಟು ಎಂದು ಹೋದ ನಮ್ಮ ಹುಡುಗರನ್ನೇ ಕೇಳಿ.

ಯಂತ್ರದ ವಿಚಾರದಲ್ಲೂ ಜಾತಿಯೇ ತೀರ್ಮಾನಿಸುತ್ತದೆ. ಭತ್ತ ಕೊಯ್ಯುವ ಮಷಿನ್ನು ಗದ್ದೆಗೆ ಬೇಗ ಬಂತು. ತಲೆಗೆ ಹುಟ್ಟುವಳಿ ಏರಿತು, ತಲೆಗಳೇ ಕೂಲಿ ಕಳಕೊಂಡವು. ಮ್ಯಾನ್‌ಹೋಲಿಗೆ ಮಾತ್ರ ಮಷಿನ್ನು ನಿಧಾನ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, 1970ರ ದಶಕದಲ್ಲೇ, ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು. ಆದರೂ ಗುಂಡಿಗಿಳಿದು ನಮ್ಮವರು ಸಾಯುತ್ತಲೇ ಇದ್ದಾರೆ. ಯಂತ್ರಕ್ಕಿಂತ ನಮ್ಮ ಉಸಿರು ಅಗ್ಗವಾಗಿರುವ ಕಡೆ ಯಂತ್ರ ಯಾಕೆ ಬರುತ್ತದೆ?

70 ಗಂಟೆ, 90 ಗಂಟೆಯವರಿಗೆ ಒಂದು ಮಾತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಲೆಕ್ಕದಂತೆ ಭಾರತದ ದುಡಿಮೆಗಾರರಲ್ಲಿ ಸುಮಾರು ಅರ್ಧದಷ್ಟು ಜನ ಈಗಾಗಲೇ ವಾರಕ್ಕೆ 48 ಗಂಟೆ ಮೀರಿ ದುಡಿಯುತ್ತಿದ್ದಾರೆ. ಶ್ರೀಮಂತ ದೇಶಗಳಲ್ಲೇ ಕಡಿಮೆ ಗಂಟೆ ದುಡಿಯುವ ಜರ್ಮನರು ನಮಗಿಂತ ಬಹುಪಾಲು ಹೆಚ್ಚು ಹುಟ್ಟಿಸುತ್ತಾರೆ. ಗಂಟೆ ಉದ್ದ ಮಾಡಿದರೆ ಹುಟ್ಟುವಳಿ ಏರುವಂತಿದ್ದರೆ ಇಟ್ಟಿಗೆ ಗೂಡಿನವರು ಇಷ್ಟೊತ್ತಿಗೆ ಸಾಹುಕಾರರಾಗಬೇಕಿತ್ತು. ಕೃಷಿಕೂಲಿಗೆ ಕೊರತೆ ಗಂಟೆಯದ್ದಲ್ಲ, ಕೆಲಸ ಸಿಗುವ ದಿನದ್ದು. ಕಾರ್ಖಾನೆಯ ವಾರವನ್ನು 54 ಗಂಟೆಯಿಂದ 48ಕ್ಕೆ ಇಳಿಸುವ ಮಸೂದೆಯನ್ನು 1946ರಲ್ಲಿ ಮಂಡಿಸಿದವರು ಅಂಬೇಡ್ಕರರು. 2023ರಲ್ಲಿ ಕರ್ನಾಟಕ ಸರ್ಕಾರ ವಾರದ 48ನ್ನು ಹಾಗೇ ಇಟ್ಟು ದಿನವನ್ನು 12 ಗಂಟೆಯವರೆಗೆ ಎಳೆಯಲು ಅವಕಾಶ ಕೊಟ್ಟಿತು. ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 75 ಗಂಟೆಯಿಂದ ಹೆಚ್ಚೂಕಮ್ಮಿ ಎರಡು ಪಟ್ಟಿಗೆ ಏರಿಸಿತು. ಬಾಬಾಸಾಹೇಬರ ಫೋಟೋಕ್ಕೆ ಹಾರ, ಅವರು ಗೆದ್ದ ಗಂಟೆಗೆ ಕತ್ತರಿ.

ಗೆಳೆಯರೇ, ನಾವು ಕೇಳುವುದು ದಯೆಯನ್ನಲ್ಲ. ಉಳುವ ಕೈಗೆ ಭೂಮಿ. ಹೊಲ ಬಿಡುವವನಿಗೆ ಮರ್ಯಾದೆಯ ಕೆಲಸ. ಒಂದೇ ಕೆಲಸಕ್ಕೆ ಒಂದೇ ಕೂಲಿ, ಕಾಯಂ ಆಗಲಿ ಗುತ್ತಿಗೆಯಾಗಲಿ. ಗುಂಡಿಗೆ ಮನುಷ್ಯ ಅಲ್ಲ, ಯಂತ್ರ. ಇವಿಷ್ಟು ಆದ ಮೇಲೆ ತಲೆಗೆಷ್ಟು ಹುಟ್ಟುವಳಿ ಅಂತ ಅಳೆಯಿರಿ, ನಾವೂ ಕೊಳಗ ಹಿಡಿಯಲು ಬರುತ್ತೇವೆ.

ಅಲ್ಲಿಯತನಕ ಒಂದು ಕೆಲಸ ಮಾಡೋಣ. ವಿದ್ಯಾರ್ಥಿಗಳು, ಮೇಷ್ಟ್ರುಗಳು ತಮ್ಮ ತಮ್ಮ ಊರಿನ ಲೆಕ್ಕ ಬರೆಯಲಿ. ಎಷ್ಟು ಮನೆ, ಯಾರಿಗೆ ಎಷ್ಟು ಗುಂಟೆ, ವರ್ಷದಲ್ಲಿ ಎಷ್ಟು ದಿನ ಕೂಲಿ, ಹೆಣ್ಣಾಳಿಗೆಷ್ಟು ಗಂಡಾಳಿಗೆಷ್ಟು, ಕೆಲಸ ಹುಡುಕಿ ಊರು ಬಿಟ್ಟವರು ಎಷ್ಟು. ಆ ಹಾಳೆಯನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದಿ. ಯಾರು ಹುಟ್ಟಿಸುತ್ತಾರೆ, ಯಾರು ಉಣ್ಣುತ್ತಾರೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.