ಬೂತಾಯಿಯ ಉಸಿರು, ಮಲ್ಪೆಯ ಆಗಸ್ಟ್

ಬೂತಾಯಿ ಕಡಿಮೆಯಾದ ವರ್ಷ ಪತ್ರಿಕೆಗಳು ‘ಮತ್ಸ್ಯಕ್ಷಾಮ’ ಎಂದು ಬರೆಯುತ್ತವೆ. ಬಡವರ ಮೀನೂ ಬಡವರ ಕೈಗೆ ಸಿಗದಂತಾಯಿತೆಂದು ಉಡುಪಿ, ಕಾರ್ಕಳ ಪೇಟೆಗಳಲ್ಲಿ ಜನ ಗೊಣಗುತ್ತಾರೆ. ಕಾರಣ ಕೇಳಿದರೆ ಮಲ್ಪೆಯ ಬೋಟಿನವರು ಕಡಲು ಬಿಸಿಯಾಗಿದೆ ಎನ್ನುತ್ತಾರೆ. ದಡದಿಂದ ಬಲೆ ಎಳೆಯುವ ಕಾಪುವಿನ ಕೈರಂಪಣಿಯವರು, ನಾಡದೋಣಿಯವರು ‘ಬೋಟಿನವರು ಎಲ್ಲವನ್ನೂ ಬಳಿದರು’ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಕಡಲಿನ ಬಿಸಿ, ಬೋಟಿನ ಬಲೆ ಎರಡೂ ಒಂದೇ ಮೀನಿನ ಮೈಮೇಲೆ ಹೇಗೆ ಬಂದು ಬೀಳುತ್ತವೆ ಎಂಬುದನ್ನು ನೋಡಿದರೆ ಜಗಳದ ಅರ್ಧ ತಾನಾಗಿ ತೀರುತ್ತದೆ.

ಉಸಿರಿನಿಂದ ಶುರುಮಾಡೋಣ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕ ಇರುತ್ತದೆ. ನಮ್ಮ ಕಡಲಿನ ಒಂದು ಲೀಟರ್ ನೀರಿನಲ್ಲಿ ಐದು ಮಿಲಿಲೀಟರ್ ಸಿಕ್ಕಿದರೆ ಹೆಚ್ಚು. ಅಷ್ಟನ್ನು ಹೀರಿಕೊಳ್ಳಲು ಮೀನಿನ ಕಿವಿರಿನಲ್ಲಿ ಒಂದು ಜಾಣ ಏರ್ಪಾಡಿದೆ: ನೀರು ಒಂದು ದಿಕ್ಕಿಗೆ ಹರಿದರೆ ರಕ್ತ ಅದಕ್ಕೆ ಎದುರಾಗಿ ಹರಿಯುತ್ತದೆ, ಹಾಗಾಗಿ ಕೊನೆಯ ತನಕವೂ ನೀರಿನಿಂದ ರಕ್ತಕ್ಕೆ ಆಮ್ಲಜನಕ ದಾಟುತ್ತಲೇ ಇರುತ್ತದೆ. ಬಂಗುಡೆಯಂತೂ ಈಜುತ್ತಲೇ ಬಾಯಿ ತೆರೆದು ಕಿವಿರಿಗೆ ನೀರು ಹಾಯಿಸಿಕೊಳ್ಳುವ ಮೀನು. ನಿಂತರೆ ಅದಕ್ಕೆ ಉಸಿರುಕಟ್ಟುತ್ತದೆ.

ನೀರು ಬಿಸಿಯಾದರೆ ಈ ಮೀನುಗಳಿಗೆ ಎರಡು ಕಡೆಯಿಂದ ಪೆಟ್ಟು. ಒಲೆಯ ಮೇಲಿಟ್ಟ ನೀರು ಕುದಿಯುವ ಮೊದಲೇ ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತವಲ್ಲ, ಅದು ನೀರಿನಲ್ಲಿ ಕರಗಿದ್ದ ಗಾಳಿ ಹೊರಬೀಳುವುದು. ಬಿಸಿ ನೀರು ತಣ್ಣೀರಿನಷ್ಟು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಲಾರದು. ಇತ್ತ ಬೂತಾಯಿಯಂಥ ಮೀನಿಗೆ ನಮ್ಮಂತೆ ಮೈಯ ಬಿಸಿ ಬೇರೆ ಇಲ್ಲ, ನೀರಿನದೇ ಅದರ ಬಿಸಿ. ನೀರು ಕಾದಷ್ಟೂ ಅದರ ದೇಹದ ಕೆಲಸಗಳು ಚುರುಕಾಗುತ್ತವೆ, ಆಮ್ಲಜನಕದ ಬೇಡಿಕೆ ಏರುತ್ತದೆ. ಬೇಕಾದದ್ದು ಹೆಚ್ಚು, ಸಿಗುವುದು ಕಡಿಮೆ. ಮೀನು ಕೂಡಲೇ ಸಾಯುವುದಿಲ್ಲ. ಬೆಳವಣಿಗೆಗೂ ಮೊಟ್ಟೆಗೂ ಹೋಗಬೇಕಾದ ಶಕ್ತಿ ಉಸಿರಾಟಕ್ಕೇ ಖರ್ಚಾಗುತ್ತದೆ.

ಮಳೆಗಾಲದ ಕೊನೆಗೆ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಮುಂಗಾರಿನ ಹೊತ್ತಿಗೆ ನಮ್ಮ ಕರಾವಳಿಯುದ್ದಕ್ಕೂ ಕಡಲಡಿಯ ತಣ್ಣೀರು ಮೇಲೇಳುತ್ತದೆ. ಅದು ತರುವ ಪೋಷಕಾಂಶಗಳಿಂದ ಕಣ್ಣಿಗೆ ಕಾಣದ ಪಾಚಿ ಹುಲುಸಾಗುತ್ತದೆ, ಅದನ್ನು ತಿಂದು ಬೂತಾಯಿ ಕೊಬ್ಬುತ್ತದೆ. ಅಕ್ಟೋಬರ್, ನವೆಂಬರ್‌ನ ಬೂತಾಯಿಯನ್ನು ಕಾವಲಿಗೆ ಹಾಕಿದರೆ ಎಣ್ಣೆ ಸವರುವುದೇ ಬೇಡ, ತನ್ನ ಎಣ್ಣೆಯಲ್ಲೇ ಕರಿಯುತ್ತದೆ. ಹಿಂದೆ ಈ ಎಣ್ಣೆಯನ್ನೇ ಮರದ ದೋಣಿಗೆ ಬಳಿಯುತ್ತಿದ್ದರು. ಆದರೆ ಮೇಲೇಳುವ ಆ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ತಂಡ ಭಾರತದ ಪಶ್ಚಿಮ ಕರಾವಳಿಯಲ್ಲಿ ಈ ಕೊರತೆ ತೀವ್ರವಾಗುತ್ತಿದೆ ಎಂದು 2000ದಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದಿತ್ತು. ಊಟ ಮತ್ತು ಉಸಿರುಗಟ್ಟುವಿಕೆ ಒಂದೇ ನೀರಿನಲ್ಲಿ ಬರುತ್ತವೆ.

ಇನ್ನು ಸಂತಾನದ ಮಾತು. ಬೂತಾಯಿ ಬದುಕುವುದೇ ಎರಡೂವರೆ, ಮೂರು ವರ್ಷ. ಮೊದಲ ವರ್ಷದಲ್ಲೇ ಹದಿನೈದು ಸೆಂಟಿಮೀಟರಿನ ಆಸುಪಾಸಿಗೆ ಬೆಳೆದು, ಮುಂಗಾರು ಹಿಡಿದು ನೀರು ತಂಪಾದಾಗ ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಆ ಮೊಟ್ಟೆಗಳು ಹೊರಬರದೆ ತಾಯಿಯ ಹೊಟ್ಟೆಯಲ್ಲೇ ಕರಗಿಹೋಗುವುದುಂಟು ಎಂದು ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಬಿ.ಟಿ. ಆಂಟನಿ ರಾಜ ಅವರು ದಶಕಗಳ ಹಿಂದೆಯೇ ಹೇಳಿದ್ದರು. ‘ತೂಫಾನ್ ಆಗದೆ ಮೀನಿಲ್ಲ’ ಎಂಬ ನಮ್ಮ ಮೊಗವೀರರ ಮಾತನ್ನು ಬರೀ ನಂಬಿಕೆ ಎಂದು ತಳ್ಳಿಹಾಕಬೇಡಿ.

ಆಯುಷ್ಯ ಇಷ್ಟು ಗಿಡ್ಡವಾದ್ದರಿಂದ ಎರಡು ವರ್ಷ ಸಂತಾನ ಕೆಟ್ಟರೆ ಕಡಲು ಖಾಲಿ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಬೂತಾಯಿಯ ಏರಿಳಿತ ಹೊಸದೂ ಅಲ್ಲ. 1940ರ ದಶಕದಲ್ಲಿ ಮೀನು ತೀರ ಇಳಿದಾಗ ಆಗಿನ ಮದ್ರಾಸ್ ಸರ್ಕಾರ ಕೆಲವು ಬಲೆಗಳಿಗೆ ನಿರ್ಬಂಧ ಹಾಕಿತ್ತು. ಆಗ ಪರ್ಸೀನ್ ಬೋಟುಗಳಿರಲಿಲ್ಲ, ಟ್ರಾಲ್ ಬೋಟುಗಳೂ ಇರಲಿಲ್ಲ. ತಾನಾಗಿ ಕುಸಿದು ತಾನಾಗಿ ಚೇತರಿಸಿಕೊಳ್ಳುವುದು ಈ ಮೀನಿನ ಗುಣ. ಚೇತರಿಕೆಗೆ ಬೇಕಾದ ಮರಿಗಳನ್ನು ನಾವು ಉಳಿಸುತ್ತೇವೆಯೇ ಎಂಬುದೇ ಈಗಿನ ಪ್ರಶ್ನೆ.

ಉಳಿಸುತ್ತಿಲ್ಲ ಎಂದೇ ನನ್ನ ಅಭಿಪ್ರಾಯ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ, 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಇರುವ ದೋಣಿಗಳಿಗೆ ರಜೆ. ಒಳ್ಳೆಯ ಕ್ರಮ, ಮೊಟ್ಟೆಯಿಡುವ ತಾಯಿ ಮೀನಿಗೆ ಅಷ್ಟರಮಟ್ಟಿಗೆ ನೆಮ್ಮದಿ. ಆದರೆ ಆ ಮೊಟ್ಟೆಯ ಮರಿಗಳು ಬೆರಳುದ್ದ ಬೆಳೆದು ಗುಂಪುಗಟ್ಟಿ ದಡದತ್ತ ಬರುವುದು ಆಗಸ್ಟ್‌ನಿಂದ ಅಕ್ಟೋಬರ್ ತನಕ. ಮಲ್ಪೆಯ ಬೋಟುಗಳು ವರ್ಷದ ಸಾಲ ಹೊತ್ತು ಕಡಲಿಗಿಳಿಯುವುದೂ ಆಗಲೇ. ಸಣ್ಣ ಕಣ್ಣಿನ ಬಲೆಗೆ ಮರಿ ಸಿಕ್ಕರೆ ಬಿಡುವವರು ಯಾರು? ತಿನ್ನಲು ಬಾರದ್ದನ್ನು ಕೊಳ್ಳಲು ಮೀನುಹಿಟ್ಟು ಮಾಡುವ ಫಿಶ್‌ಮಿಲ್‌ಗಳಿವೆ. ಅಲ್ಲಿ ಕಿಲೋಗೆ ಪುಡಿಗಾಸು. ಅದೇ ಮರಿ ನಾಲ್ಕು ತಿಂಗಳು ಉಳಿದಿದ್ದರೆ ಪೇಟೆಯ ಮೀನಾಗುತ್ತಿತ್ತು, ಒಂದು ಮಳೆಗಾಲ ಕಂಡಿದ್ದರೆ ತಾಯಿಯಾಗುತ್ತಿತ್ತು.

ಬಿಸಿ ನೀರಿನ ಉಸಿರುಗಟ್ಟುವಿಕೆಯಲ್ಲಿ ನದಿಯ ಕತೆಯೂ ಕಡಲಿನ ಜಾಡಿನದೇ. ಕಾರ್ಕಳದ ಮಾಳದ ಕಡೆ ಹುಟ್ಟುವ ಸ್ವರ್ಣೆ ಮಣಿಪಾಲದ ಗುಡ್ಡದ ಕೆಳಗೆ ಹಾದು ಕೋಡಿಬೆಂಗ್ರೆಯಲ್ಲಿ ಕಡಲು ಸೇರುತ್ತದೆ. ಬಜೆ ಅಣೆಕಟ್ಟಿನ ನೀರನ್ನು ಉಡುಪಿ, ಮಣಿಪಾಲಗಳು ಕುಡಿಯುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಹರಿವು ನಿಂತು ಗುಂಡಿಗಳಷ್ಟೇ ಉಳಿದಾಗ ಕಾದ ನೀರಿನಲ್ಲಿ ಬದುಕುವ ಉಪಾಯ ಮುಗುಡು ಮೀನಿಗೆ ಗೊತ್ತು. ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡುವ ಅಂಗ ಅದಕ್ಕಿದೆ. ಉಳಿದ ಹೆಚ್ಚಿನ ಮೀನುಗಳಿಗೆ ಆ ಭಾಗ್ಯವಿಲ್ಲ.

ಕಡಲಿನ ಬಿಸಿಯನ್ನು ಉಡುಪಿ ಜಿಲ್ಲಾಡಳಿತ ಇಳಿಸಲಾರದು. ಬಲೆಯ ಕಣ್ಣನ್ನು ಅಳೆಯುವುದು ಮಾತ್ರ ಅದರ ಕೈಯಲ್ಲೇ ಇದೆ. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ ಹಿಡಿಯುವುದು ಕಾನೂನಿನ ಪ್ರಕಾರ ತಪ್ಪು. ಮಲ್ಪೆಯ ದಕ್ಕೆಯಲ್ಲಿ ಆಗಸ್ಟ್‌ನ ಮೊದಲ ದಿನದಿಂದಲೇ ಮೀನುಗಾರಿಕೆ ಇಲಾಖೆಯವರು ಅಳತೆಪಟ್ಟಿ ಹಿಡಿದು ನಿಲ್ಲಲಿ, ಮರಿ ಮೀನು ಕೊಳ್ಳುವ ಫಿಶ್‌ಮಿಲ್‌ಗೂ ದಂಡ ಬೀಳಲಿ. ಪೇಟೆಗೆ ಹೋಗುವ ನೀವೂ ಬೆರಳುದ್ದದ ಬೂತಾಯಿ ಕಂಡರೆ ಚೌಕಾಸಿ ಮಾಡಬೇಡಿ, ಕೊಳ್ಳದೆ ಮುಂದೆ ಹೋಗಿ.