ಮಡಕೆಯ ಲೆಕ್ಕ ಮನಸ್ಸಿನಲ್ಲಿ ಬೇಡ, ಪುಸ್ತಕದಲ್ಲಿರಲಿ

ಮಲೆನಾಡಿನ ಮನೆಗಳಲ್ಲಿ ಅಡಿಕೆಯ ಲೆಕ್ಕ ಸಾಮಾನ್ಯವಾಗಿ ತಪ್ಪುವುದಿಲ್ಲ. ಮಂಡಿಗೆ ಹೋದ ಮೂಟೆ ಎಷ್ಟು, ತೂಕ ಎಷ್ಟು, ಧಾರಣೆ ಎಷ್ಟು, ಮುಂಗಡ ಕಳೆದು ಕೈಗೆ ಬಂದದ್ದು ಎಷ್ಟು ಎಂಬುದೆಲ್ಲ ಚೀಟಿಯಲ್ಲಿರುತ್ತದೆ. ಆ ಚೀಟಿಯನ್ನು ಕಪಾಟಿನಲ್ಲಿ ಜೋಪಾನವಾಗಿ ಇಡಲಾಗುತ್ತದೆ. ಆದರೆ ಅದೇ ಮನೆಯ ಹೆಣ್ಣುಮಗಳು ಹೊಲಿಗೆಯಿಂದಲೋ, ಉಪ್ಪಿನಕಾಯಿಯಿಂದಲೋ, ಮಣ್ಣಿನ ಪಾತ್ರೆಗಳಿಂದಲೋ ಸಂಪಾದಿಸಿದ ಹಣಕ್ಕೆ ಯಾವ ಚೀಟಿ ಇದೆ? "ಲಾಭ ಬರುತ್ತಿದೆಯಾ?" ಎಂದು ಕೇಳಿದರೆ "ಹೇಗೋ ನಡೀತಾ ಇದೆ, ಅಲ್‌ಹಮ್ದುಲಿಲ್ಲಾಹ್" ಎಂಬ ಉತ್ತರ ಬರುತ್ತದೆ. ಅಲ್ಲಾಹನನ್ನು ಸ್ತುತಿಸುವುದು ಸರಿಯೇ. ಆದರೆ ಬಂದದ್ದೆಷ್ಟು, ಹೋದದ್ದೆಷ್ಟು ಎಂಬುದು ಆ ಉತ್ತರದಲ್ಲಿಲ್ಲ.

ಲೆಕ್ಕ ಬರೆಯುವುದು ದೊಡ್ಡ ಅಂಗಡಿಯವರ ಕೆಲಸ, ನಮಗೇಕೆ ಎಂದು ಅನೇಕ ಸಹೋದರಿಯರು ಭಾವಿಸಿದ್ದಾರೆ. ನಿಜವೇನೆಂದರೆ, ಬಂಡವಾಳ ಕಡಿಮೆ ಇದ್ದಷ್ಟೂ ಲೆಕ್ಕದ ಅಗತ್ಯ ಹೆಚ್ಚು. ದೊಡ್ಡ ವ್ಯಾಪಾರಿ ಹತ್ತು ಸಾವಿರ ಕಳೆದುಕೊಂಡರೆ ತಡೆದುಕೊಳ್ಳಬಹುದು. ಹತ್ತು ಸಾವಿರವೇ ಬಂಡವಾಳವಾಗಿರುವವಳು ಅದನ್ನು ಕಳೆದುಕೊಂಡರೆ ಉದ್ಯೋಗವೇ ನಿಂತುಹೋಗುತ್ತದೆ.

ನೆಮ್ಮಾರಿನ ಒಂದು ಉದಾಹರಣೆ

ಶೃಂಗೇರಿಯಿಂದ ಕೆರೆಕಟ್ಟೆಯ ಕಡೆಗೆ ಹೋಗುವ ದಾರಿಯಲ್ಲಿ, ತುಂಗಾ ನದಿಯ ಬದಿಯಲ್ಲಿರುವ ಊರು ನೆಮ್ಮಾರ್. ಅಲ್ಲಿ ಒಬ್ಬ ಸಹೋದರಿ ಮಣ್ಣಿನ ಕೆಲಸ ಕಲಿತು, ಮನೆಯ ಹಿಂದೆ ಒಂದು ಶೆಡ್ಡು ಕಟ್ಟಿ, ಮೀನು ಸಾರಿನ ಮಡಕೆಗಳನ್ನು ಮಾಡಿ ಮಾರುತ್ತಾಳೆ ಎಂದು ಇಟ್ಟುಕೊಳ್ಳೋಣ. ಕೆಳಗಿನ ಅಂಕಿಗಳು ಲೆಕ್ಕ ಅರ್ಥವಾಗಲೆಂದು ಕೊಟ್ಟವು. ನಿಮ್ಮ ಊರಿನ ದರ ಹಾಕಿಕೊಂಡು ನೀವೇ ಲೆಕ್ಕ ಮಾಡಬಹುದು.

ಒಂದು ಸಲ ಆವಿಗೆಯಲ್ಲಿ ಮಡಕೆ ಸುಡಲು ಅವಳಿಗೆ ಆಗುವ ಖರ್ಚು ಹೀಗಿದೆ: ಮಣ್ಣು ತರಿಸಲು 1,200 ರೂ., ಸೌದೆಗೆ 1,500 ರೂ., ಸಹಾಯಕ್ಕೆ ಬಂದವರ ಎರಡು ದಿನದ ಕೂಲಿ 1,000 ರೂ., ಹುಲ್ಲು ಮತ್ತು ಕಟ್ಟುವ ಸಾಮಾನಿಗೆ 200 ರೂ., ಶೃಂಗೇರಿಗೆ ಸಾಗಿಸುವ ಆಟೋ ಬಾಡಿಗೆ 600 ರೂ. ಒಟ್ಟು 4,500 ರೂ. ಆವಿಗೆಗೆ ಇಟ್ಟದ್ದು 120 ಮಡಕೆ. 4,500ನ್ನು 120ರಿಂದ ಭಾಗಿಸಿದರೆ ಒಂದಕ್ಕೆ 37.50 ರೂ. ಅವಳು 70 ರೂಪಾಯಿಗೆ ಮಾರುತ್ತಾಳೆ. ಒಂದು ಮಡಕೆಗೆ 30 ರೂಪಾಯಿಗೂ ಹೆಚ್ಚು ಲಾಭ ಎಂದು ಸಂತೋಷಪಡುತ್ತಾಳೆ.

ಈಗ ಇದನ್ನೇ ಕಾಗದದ ಮೇಲೆ ಬರೆಯೋಣ. ಆವಿಗೆಯಲ್ಲಿ ಬಿರುಕು ಬಿಟ್ಟದ್ದು, ಒಡೆದದ್ದು 20. ಮಾರಲು ಸಿಕ್ಕಿದ್ದು 100 ಮಾತ್ರ. ಅಲ್ಲಿಗೆ ಒಂದರ ಖರ್ಚು 45 ರೂ. ಆಯಿತು. ಅವಳು ಆರು ದಿನ ಕುಳಿತು ದುಡಿದಿದ್ದಾಳೆ. ಬೇರೆಯವರಲ್ಲಿ ಅದೇ ಕೆಲಸಕ್ಕೆ ಹೋಗಿದ್ದರೆ ದಿನಕ್ಕೆ 400 ರೂಪಾಯಿಯಂತೆ 2,400 ರೂ. ಸಿಗುತ್ತಿತ್ತು. ವಿದ್ಯುತ್ ಚಕ್ರಕ್ಕೆ 18,000 ರೂ. ಕೊಟ್ಟಿದ್ದಾಳೆ. ಅದು ಐದು ವರ್ಷ ಬಾಳುತ್ತದೆ ಎಂದಾದರೆ ವರ್ಷಕ್ಕೆ 3,600 ರೂ. ಸವಕಳಿ. ವರ್ಷದಲ್ಲಿ 12 ಸಲ ಆವಿಗೆ ಹಾಕಿದರೆ ಸಲಕ್ಕೆ 300 ರೂ. ಈಗ ಒಟ್ಟು ಖರ್ಚು 4,500, 2,400 ಮತ್ತು 300 ಸೇರಿ 7,200 ರೂ. ಒಂದು ಮಡಕೆಗೆ 72 ರೂ. ಅವಳು ಮಾರಿದ್ದು 70ಕ್ಕೆ!

ಇಲ್ಲಿ ಯಾರೂ ಅವಳಿಗೆ ಮೋಸ ಮಾಡಿಲ್ಲ. ಕೈಗೆ ಬಂದ 7,000ದಲ್ಲಿ 4,500 ಕಳೆದು 2,500 ರೂ. ಉಳಿಯಿತು. ಅದನ್ನು ಅವಳು ಲಾಭವೆಂದು ತಿಳಿದಳು. ಅದು ಅವಳ ಆರು ದಿನದ ಕೂಲಿಯೇ ಹೊರತು ಲಾಭವಲ್ಲ. ಐದು ವರ್ಷದ ನಂತರ ಚಕ್ರ ಕೆಟ್ಟಾಗ ಹೊಸದನ್ನು ಕೊಳ್ಳಲು ಹಣ ಇರುವುದಿಲ್ಲ. "ಮಣ್ಣಿನ ಕೆಲಸದಲ್ಲಿ ಬರಕತ್ ಇಲ್ಲ" ಎಂದು ಆಗ ಹೇಳುತ್ತಾರೆ. ಬೆಲೆಯನ್ನು 70ರಿಂದ 85ಕ್ಕೆ ಏರಿಸಬೇಕಿತ್ತು, ಅಥವಾ ಮಡಕೆಯನ್ನು ಇನ್ನೂ ಚೆನ್ನಾಗಿ ಒಣಗಿಸಿ ಒಡೆಯುವುದನ್ನು ಕಡಿಮೆ ಮಾಡಬೇಕಿತ್ತು. ಇದನ್ನು ಹೇಳಬೇಕಾದದ್ದು ಪುಸ್ತಕ. ಅದೇ ಇಲ್ಲದಿದ್ದರೆ ಯಾರು ಹೇಳಬೇಕು?

ಸೌದೆಯ ವಿಷಯವನ್ನೂ ಇಲ್ಲಿ ಹೇಳಬೇಕು. ಮನೆಯ ತೋಟದಲ್ಲಿ ಬಿದ್ದ ಕಟ್ಟಿಗೆಗೆ ಎಂಥ ಲೆಕ್ಕ ಎನ್ನುವವರಿದ್ದಾರೆ. ಅದನ್ನು ಮಾರಿದ್ದರೆ ಎಷ್ಟು ಸಿಗುತ್ತಿತ್ತೋ ಅಷ್ಟನ್ನು ಖರ್ಚಿನಲ್ಲಿ ಬರೆಯಬೇಕು. ಇಲ್ಲವಾದರೆ ಮನೆಯ ತೋಟ ನಿಮ್ಮ ವ್ಯಾಪಾರವನ್ನು ಸಾಕುತ್ತಿರುವುದು ನಿಮಗೇ ತಿಳಿಯುವುದಿಲ್ಲ.

ಮಳೆಗಾಲದ ನಾಲ್ಕು ತಿಂಗಳು

ಶೃಂಗೇರಿ ಸೀಮೆಯ ಮಳೆಗಾಲ ಎಲ್ಲರಿಗೂ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದು, ಹಸಿ ಮಡಕೆ ಒಣಗುವುದು ಹೇಗೆ? ಸರಿಯಾಗಿ ಒಣಗದ ಮಡಕೆ ಬೆಂಕಿಗೆ ಬಿದ್ದರೆ ಒಳಗಿನ ನೀರು ಆವಿಯಾಗಿ ಸಿಡಿಯುತ್ತದೆ. ಆದ್ದರಿಂದ ಈ ನಾಲ್ಕು ತಿಂಗಳು ಆವಿಗೆ ಹಾಕುವಂತಿಲ್ಲ. ಎಂಟು ತಿಂಗಳ ಸಂಪಾದನೆ ಹನ್ನೆರಡು ತಿಂಗಳಿಗೆ ಸಾಕಾಗಬೇಕು. ತಿಂಗಳ ಕೊನೆಯಲ್ಲಿ ಜಮಾ ಎಷ್ಟು, ಖರ್ಚು ಎಷ್ಟು ಎಂದು ಬರೆದಿಟ್ಟವಳು ಜನವರಿಯಲ್ಲೇ ಜುಲೈಗಾಗಿ ಎತ್ತಿಡುತ್ತಾಳೆ. ಬರೆಯದವಳು ಬೇಸಗೆಯಲ್ಲಿ ಕೈಬಿಟ್ಟು ಖರ್ಚು ಮಾಡಿ, ಮಳೆಗಾಲದಲ್ಲಿ ಸಾಲ ಕೇಳುತ್ತಾಳೆ.

ಬರೆಯಲು ಆಜ್ಞಾಪಿಸಿದ ಗ್ರಂಥ

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವುದು? ಅದು ನಮಾಝಿನ ಬಗ್ಗೆಯಲ್ಲ, ಉಪವಾಸದ ಬಗ್ಗೆಯೂ ಅಲ್ಲ. ಸೂರಃ ಅಲ್‌ಬಕರದ 282ನೇ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಇದೆ. ನಿಗದಿತ ಅವಧಿಗೆ ಸಾಲ ಕೊಟ್ಟು ಪಡೆಯುವಾಗ ಬರೆದುಕೊಳ್ಳಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು, ಸಾಲ ಪಡೆದವನೇ ಮೊತ್ತವನ್ನು ಹೇಳಿ ಬರೆಸಬೇಕು, ಅದು ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದು ಎಂದು ಅಲ್ಲಿ ಆದೇಶಿಸಲಾಗಿದೆ. ಜಮಾ-ಖರ್ಚಿನ ಪದ್ಧತಿಯನ್ನು ವಿವರಿಸುವ ಲೂಕಾ ಪಾಸಿಯೊಲಿಯ ಪ್ರಸಿದ್ಧ ಗ್ರಂಥ ವೆನಿಸ್‌ನಲ್ಲಿ ಅಚ್ಚಾದದ್ದು 1494ರಲ್ಲಿ. ಅದಕ್ಕಿಂತ ಎಂಟು ಶತಮಾನಗಳಿಗೂ ಹೆಚ್ಚು ಮೊದಲೇ ಈ ಆದೇಶ ಬಂದಿತ್ತು. ನಮ್ಮ ಕನ್ನಡದ ಲೆಕ್ಕದ ಮಾತುಗಳನ್ನೇ ನೋಡಿ. ಜಮಾ, ಬಾಕಿ, ನಗದು, ವಸೂಲಿ ಇವೆಲ್ಲ ಅರಬಿ ಮೂಲದ ಪದಗಳು. ಪದಗಳು ನಮ್ಮ ನಾಲಿಗೆಯಲ್ಲಿವೆ, ಅಭ್ಯಾಸ ಮಾತ್ರ ಕೈಯಲ್ಲಿಲ್ಲ.

"ನೆರೆಮನೆಯ ಆಂಟಿ, ನಾದಿನಿ, ಚಿಕ್ಕಮ್ಮ, ಇವರ ಹೆಸರನ್ನೆಲ್ಲ ಉದ್ರಿ ಪುಸ್ತಕದಲ್ಲಿ ಬರೆದರೆ ಬೇಜಾರಾಗುವುದಿಲ್ಲವೇ?" ಎಂಬ ಸಂಕೋಚ ಸಹಜ. ಆದರೆ ಸಂಬಂಧ ಕೆಡುವುದು ಬರೆದಿಟ್ಟಾಗಲ್ಲ, ಮರೆತಾಗ. ಮೂರು ಮಡಕೆ ಕೊಟ್ಟೆನೆಂದು ನೀವು, ಎರಡೇ ತಂದದ್ದೆಂದು ಅವರು ಹೇಳಿದಾಗ ಮನಸ್ಸು ಮುರಿಯುತ್ತದೆ. ಸಾಲಗಾರ ಕಷ್ಟದಲ್ಲಿದ್ದರೆ ಕಾಲಾವಕಾಶ ಕೊಡಬೇಕು, ಬಿಟ್ಟುಬಿಟ್ಟರೆ ಇನ್ನೂ ಉತ್ತಮ ಎಂದು ಅದೇ ಸೂರಃದ 280ನೇ ಸೂಕ್ತ ಕಲಿಸುತ್ತದೆ. ಎಷ್ಟು ಬರಬೇಕೆಂದು ತಿಳಿದಿದ್ದರೆ ತಾನೇ ಬಿಟ್ಟುಕೊಡುವುದು? ಬರೆಯದೆ ಬಿಟ್ಟದ್ದು ಮರೆವು, ಬರೆದೂ ಬಿಟ್ಟದ್ದು ದಾನ.

ನಿಮ್ಮ ಸೊತ್ತು ನಿಮ್ಮದೇ

ಸ್ತ್ರೀಯ ಸಂಪಾದನೆ ಸ್ತ್ರೀಯದ್ದೇ ಎಂದು ಇಸ್ಲಾಮ್ ಸ್ಪಷ್ಟಪಡಿಸಿದೆ. ಮಕ್ಕಾದಲ್ಲಿ ಹಝ್ರತ್ ಖದೀಜಾ(ರ) ಸ್ವಂತ ಬಂಡವಾಳದಿಂದ ವ್ಯಾಪಾರ ಮಾಡುತ್ತಿದ್ದರು. ಅವರ ಸರಕನ್ನು ಸಿರಿಯಾಕ್ಕೆ ಒಯ್ದು ಪ್ರಾಮಾಣಿಕವಾಗಿ ಮಾರಿ ಬಂದವರು ಪ್ರವಾದಿ ಮುಹಮ್ಮದ್(ಸ). ಮನೆಯ ಖರ್ಚಿನ ಹೊಣೆ ಪತಿಯದ್ದು. ಪತ್ನಿ ಮನಸ್ಸಿನಿಂದ ಕೊಟ್ಟರೆ ಅದು ಅವಳ ಔದಾರ್ಯ. ಆದರೆ ಲೆಕ್ಕವಿಲ್ಲದ ಮನೆಯಲ್ಲಿ ಈ ಹಕ್ಕು ಮಾತಿನಲ್ಲೇ ಉಳಿಯುತ್ತದೆ. ಮಡಕೆಯ ಹಣದಿಂದ ಕರೆಂಟ್ ಬಿಲ್ ಕಟ್ಟಿ, ಮಗುವಿನ ಶಾಲೆಯ ಫೀಸು ಕೊಟ್ಟು, ಉಳಿದದ್ದನ್ನು ಅಕ್ಕಿಗೆ ಹಾಕಿದ ಮೇಲೆ ಅವಳು ಈ ಮನೆಗೆ ಕೊಟ್ಟದ್ದೆಷ್ಟು ಎಂದು ಯಾರಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. "ನಿನ್ನದೇನು ಮಹಾ ಸಂಪಾದನೆ?" ಎಂಬ ಮಾತಿಗೆ ಉತ್ತರವಿರುವುದಿಲ್ಲ. ಪುಸ್ತಕದಲ್ಲಿ "ಮನೆಗೆ ಕೊಟ್ಟದ್ದು" ಎಂಬ ಒಂದು ಕಾಲಂ ಇದ್ದರೆ ಜಗಳವಾಡುವ ಅಗತ್ಯವೇ ಬರುವುದಿಲ್ಲ.

ಬಡ್ಡಿಯಿಂದ ದೂರವಿರಲು ಬಯಸುವವರಿಗಂತೂ ಲೆಕ್ಕ ಇನ್ನೂ ಮುಖ್ಯ. ಅತ್ತಿಗೆ 20,000 ರೂ. ಹಾಕಿ, ದುಡಿಮೆ ನಿಮ್ಮದಾಗಿ, ಲಾಭವನ್ನು ಅರ್ಧರ್ಧ ಹಂಚಿಕೊಳ್ಳುವ ಒಪ್ಪಂದ ಧರ್ಮಸಮ್ಮತ. ಆದರೆ ಲಾಭವೆಷ್ಟೆಂದೇ ತಿಳಿಯದಿದ್ದರೆ ಹಂಚುವುದೇನನ್ನು? ಕೇಂದ್ರ ಸರಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ಅದರಲ್ಲಿ ತರಬೇತಿ, ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂ. ಭತ್ಯೆ ಹಾಗೂ ಉಪಕರಣಗಳಿಗೆ 15,000 ರೂ.ವರೆಗೆ ನೆರವು ಇದೆ. ಬಡ್ಡಿಯ ಸಾಲವೂ ಇದೆ, ಆದರೆ ಅದನ್ನು ಪಡೆಯುವುದು ಕಡ್ಡಾಯವಲ್ಲ.

ಝಕಾತ್ ಮತ್ತು ಫೋನಿನ ಹಣ

ವ್ಯಾಪಾರದ ಸೊತ್ತು ನಿಸಾಬ್ ತಲುಪಿ ಒಂದು ಚಾಂದ್ರಮಾನ ವರ್ಷ ಕಳೆದರೆ ಶೇ. 2.5ರಷ್ಟು, ಅಂದರೆ ಸಾವಿರಕ್ಕೆ 25 ರೂಪಾಯಿ ಝಕಾತ್ ಕೊಡಬೇಕು. ಕೈಯಲ್ಲಿರುವ ನಗದು, ಮಾರಾಟಕ್ಕಿರುವ ಸರಕಿನ ಈಗಿನ ಬೆಲೆ, ಖಂಡಿತ ಬರಲಿರುವ ಬಾಕಿ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಚಕ್ರ, ಆವಿಗೆ, ಶೆಡ್ಡುಗಳಂಥ ದುಡಿಮೆಯ ಸಾಧನಗಳ ಮೇಲೆ ಝಕಾತ್ ಇಲ್ಲ. ಸ್ವತಃ ತಯಾರಿಸಿದ ಸರಕು, ಕೊಡಬೇಕಾದ ಸಾಲ ಮುಂತಾದ ವಿವರಗಳಲ್ಲಿ ಮದ್ಹಬ್‌ಗಳ ನಡುವೆ ಭಿನ್ನತೆ ಇರುವುದರಿಂದ ನಿಮ್ಮ ಊರಿನ ಉಲಮಾರಲ್ಲಿ ಕೇಳಿ ತಿಳಿಯಿರಿ. ಆದರೆ ಅವರು ಮೊದಲು ಕೇಳುವುದೇ "ಸರಕು ಎಷ್ಟಿದೆ, ಬಾಕಿ ಎಷ್ಟಿದೆ?" ಎಂದು. ಲೆಕ್ಕವಿಲ್ಲದವಳು ಏನು ಹೇಳಿಯಾಳು?

ಇನ್ನೊಂದು ಪಾಠವನ್ನು ನಮ್ಮ ರಾಜ್ಯ 2025ರ ಜುಲೈಯಲ್ಲಿ ಕಲಿತಿದೆ. ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೇಕರಿ, ಚಹಾ ಅಂಗಡಿ, ತರಕಾರಿ ಅಂಗಡಿಯವರೆಲ್ಲ ಗಾಬರಿಯಾದರು. "ನಗದು ಮಾತ್ರ" ಎಂಬ ಬೋರ್ಡುಗಳು ತೂಗಾಡಿದವು. ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲವೆಂದು ಸರಕಾರ ಬಳಿಕ ಹೇಳಿತು. ಮಣ್ಣಿನ ಮಡಕೆ ಮತ್ತು ಹಣತೆಗೆ ಜಿಎಸ್‌ಟಿ ಇಲ್ಲ. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂ. ದಾಟುವವರೆಗೆ ನೋಂದಣಿಯೂ ಬೇಡ. ಆದ್ದರಿಂದ ಹೆದರುವ ಕಾರಣವಿಲ್ಲ. ಆದರೆ ಗಲ್ಫ್‌ನಲ್ಲಿರುವ ತಮ್ಮ ಮನೆಖರ್ಚಿಗೆ ಕಳಿಸಿದ ಹಣ, ಸಂಬಂಧಿಕರು ಹಿಂದಿರುಗಿಸಿದ ಕೈಸಾಲ, ಮಡಕೆ ಮಾರಿದ ಹಣ ಎಲ್ಲವೂ ಒಂದೇ ಖಾತೆಗೆ ಬಂದರೆ ಮುಂದೆ ಬಿಡಿಸಿ ಹೇಳುವುದು ಕಷ್ಟ. ವ್ಯಾಪಾರಕ್ಕೆ ಒಂದು ಪ್ರತ್ಯೇಕ ಉಳಿತಾಯ ಖಾತೆ ತೆರೆದು ಫೋನಿನ ಹಣವನ್ನೂ ಅದಕ್ಕೇ ಜೋಡಿಸುವುದು ಒಳ್ಳೆಯದು.

ಶುರು ಮಾಡುವುದು ಹೇಗೆ?

ಸ್ತ್ರೀಶಕ್ತಿ ಸಂಘಗಳಲ್ಲಿ ನಗದು ಪುಸ್ತಕ, ಉಳಿತಾಯ, ಸಾಲದ ಕಂತು ಎಲ್ಲವನ್ನೂ ಬರೆಯುವ ಸಹೋದರಿಯರು ನಮ್ಮಲ್ಲಿದ್ದಾರೆ. ಸಂಘಕ್ಕೆ ಬರೆಯಬಲ್ಲವರು ತಮಗಾಗಿಯೂ ಬರೆಯಬಲ್ಲರು. ಬೇಕಾದದ್ದು ಒಂದು ಇನ್ನೂರು ಪುಟದ ನೋಟ್‌ಬುಕ್, ಒಂದು ಪೆನ್ನು ಮತ್ತು ಇಶಾ ನಮಾಝಿನ ನಂತರ ಹತ್ತು ನಿಮಿಷ.

ಪುಸ್ತಕವನ್ನು ನಾಲ್ಕು ಭಾಗ ಮಾಡಿ. ಮೊದಲ ಭಾಗ ದಿನದ ಜಮಾ-ಖರ್ಚಿಗೆ. ಎಡಗಡೆ ಬಂದದ್ದು, ಬಲಗಡೆ ಹೋದದ್ದು, ಕೆಳಗೆ ಕೈಯಲ್ಲಿರುವ ನಗದು. ಪುಸ್ತಕದ ನಗದು ಮತ್ತು ಡಬ್ಬಿಯ ನಗದು ಒಂದೇ ಆಗಿರಬೇಕು. ವ್ಯತ್ಯಾಸ ಬಂದರೆ ಆ ರಾತ್ರಿಯೇ ನೆನಪು ಮಾಡಿ ಸರಿಪಡಿಸಿ. ಎರಡನೇ ಭಾಗ ಉದ್ರಿಗೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಮೊತ್ತವನ್ನು ಅವರ ಬಾಯಿಂದಲೇ ಹೇಳಿಸಿ, ಅವರೆದುರೇ ಬರೆಯಿರಿ. ನೀವು ಕೊಡಬೇಕಾದದ್ದನ್ನೂ ಇಲ್ಲೇ ಬರೆಯಿರಿ. ಮನುಷ್ಯನ ಆಯುಷ್ಯಕ್ಕೆ ಭರವಸೆ ಇಲ್ಲ. ಸೊತ್ತನ್ನು ಹಂಚುವ ಮೊದಲು ಸಾಲ ತೀರಬೇಕೆಂಬುದು ಕುರ್‌ಆನಿನ ವಿಧಿ. ಮೂರನೇ ಭಾಗ ಆವಿಗೆಗೆ. ಇಟ್ಟದ್ದೆಷ್ಟು, ಒಡೆದದ್ದೆಷ್ಟು, ಮಾರಿದ್ದೆಷ್ಟು, ಉಳಿದದ್ದೆಷ್ಟು. ನಾಲ್ಕನೇ ಭಾಗ ತಿಂಗಳ ಒಟ್ಟು ಮೊತ್ತಕ್ಕೆ. ಇಂಗ್ಲಿಷ್ ತಿಂಗಳಿನ ಜೊತೆ ಹಿಜರಿ ತಿಂಗಳನ್ನೂ ಬರೆದರೆ ಝಕಾತಿನ ದಿನ ಹುಡುಕಬೇಕಾಗಿಲ್ಲ.

ಮನೆಗಾಗಿ ಹಣ ತೆಗೆದುಕೊಳ್ಳುವುದು ತಪ್ಪಲ್ಲ, ಬರೆಯದೆ ತೆಗೆದುಕೊಳ್ಳುವುದು ತಪ್ಪು. ನಿಮ್ಮ ದುಡಿಮೆಗೆ ತಿಂಗಳಿಗೆ ಇಷ್ಟು ಎಂದು ನಿಗದಿ ಮಾಡಿ, ಅದನ್ನು ಕೂಲಿಯಾಗಿ ಬರೆದು ತೆಗೆದುಕೊಳ್ಳಿ. ಓದು-ಬರಹ ಕಷ್ಟವಾಗುವ ತಾಯಂದಿರು ಮಗಳನ್ನೋ ಸೊಸೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಬರೆಸಬಹುದು. ಹಾಗೆ ಬರೆಯುವ ಹುಡುಗಿ ಶಾಲೆಯಲ್ಲಿ ಕಲಿಯದ ಪಾಠವೊಂದನ್ನು ಮನೆಯಲ್ಲೇ ಕಲಿಯುತ್ತಾಳೆ.

ಹದವಾದ ಮಣ್ಣು, ಒಳ್ಳೆಯ ಕೈ, ಸಾಕಷ್ಟು ಬೆಂಕಿ ಇವಿದ್ದರೆ ಮಡಕೆ ಆಗುತ್ತದೆ. ಆ ಮಡಕೆ ಉದ್ಯೋಗವಾಗಬೇಕಾದರೆ ಪುಸ್ತಕವೂ ಬೇಕು. ಮುಂದಿನ ತಿಂಗಳ ಒಂದನೇ ತಾರೀಕಿಗೆ ಕಾಯಬೇಡಿ. ಇಂದು ರಾತ್ರಿ ಡಬ್ಬಿಯಲ್ಲಿರುವ ಹಣವನ್ನು ಎಣಿಸಿ, ಬಿಸ್ಮಿಲ್ಲಾಹ್ ಎಂದು ಮೊದಲ ಸಾಲು ಬರೆಯಿರಿ.