ಆಟ ಅವರದು, ತರಂಗ ಯಾರದು?

1993ರ ನವೆಂಬರ್ 27ರಂದು ಕೋಲ್ಕತ್ತದ ಹೀರೋ ಕಪ್ ಫೈನಲ್‌ನಲ್ಲಿ ಕರ್ನಾಟಕದ ಅನಿಲ್ ಕುಂಬ್ಳೆ ಕೇವಲ 12 ರನ್ನಿಗೆ 6 ವಿಕೆಟ್ ಕಿತ್ತರು. ಅದೇ ಪಂದ್ಯಾವಳಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತ್ತು.

ಬಂಗಾಳ ಕ್ರಿಕೆಟ್ ಸಂಸ್ಥೆ ಪ್ರಸಾರದ ಹಕ್ಕನ್ನು ವಿದೇಶಿ ಕಂಪನಿಗೆ ಮಾರಿತ್ತು. ದೂರದರ್ಶನ ಒಪ್ಪಲಿಲ್ಲ. ಆಗ ತುಮಕೂರಿನಲ್ಲಾಗಲಿ, ಗುಬ್ಬಿಯಲ್ಲಾಗಲಿ ಮನೆಯ ಮೇಲಿನ ಆಂಟೆನಾಗೆ ಸಿಗುತ್ತಿದ್ದುದು ದೂರದರ್ಶನ ಒಂದೇ. ಹಾಗಾದರೆ ಆಟ ತೋರಿಸುವ ಅಧಿಕಾರ ಯಾರದು?

1995ರ ಫೆಬ್ರವರಿ 9ರಂದು ಸುಪ್ರೀಂ ಕೋರ್ಟ್ ಕೊಟ್ಟ ಉತ್ತರದ ಹಿಂದೆ ವಿಜ್ಞಾನವೂ ಇದೆ. ಒಂದೇ ಊರಿನಲ್ಲಿ ಎರಡು ಕೇಂದ್ರಗಳು ಒಂದೇ ಕಂಪನಾಂಕದಲ್ಲಿ ಪ್ರಸಾರ ಮಾಡಿದರೆ ಎರಡೂ ಕಲಸುಮೇಲೋಗರ. ಬಳಸಬಲ್ಲ ಕಂಪನಾಂಕಗಳು ಕುಣಿಗಲ್ ದೊಡ್ಡಕೆರೆಯ ನೀರಿನಂತೆ. ಇರುವುದು ಮಿತ, ಹಕ್ಕು ಎಲ್ಲರದು. ಆದ್ದರಿಂದ ರೇಡಿಯೋ ತರಂಗಗಳು ಸಾರ್ವಜನಿಕ ಆಸ್ತಿ. ಸರ್ಕಾರದ ಏಕಸ್ವಾಮ್ಯವೂ ಸಲ್ಲದು, ಹಣವಂತರ ಹಿಡಿತವೂ ಸಲ್ಲದು. ಸ್ವಾಯತ್ತ ಸಂಸ್ಥೆಯೊಂದು ಅವನ್ನು ನಿಯಂತ್ರಿಸಬೇಕು ಎಂದಿತು ನ್ಯಾಯಾಲಯ.

ಮುಂದೆ 2007ರಲ್ಲಿ ಕಾಯ್ದೆಯೊಂದು ಬಂತು. ರಾಷ್ಟ್ರೀಯ ಮಹತ್ವದ ಪಂದ್ಯಗಳ ನೇರಪ್ರಸಾರವನ್ನು ಖಾಸಗಿ ವಾಹಿನಿಗಳು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಲೇಬೇಕು. ತಿಂಗಳ ಚಂದಾ ಕಟ್ಟಲಾಗದ ಮನೆಯ ಮಕ್ಕಳಿಗೂ ಅಂಥ ಪಂದ್ಯ ಕಾಣುವ ದಾರಿ ಅದು. ಯಾರು ಎಷ್ಟೇ ಹಣಕ್ಕೆ ಹಕ್ಕು ಕೊಂಡರೂ ನೋಡುಗನ ಪಾಲು ಅದರಲ್ಲಿ ಇದ್ದೇ ಇದೆ.